ಸ್ಪೋರ್ಟ್ಸ್ ಕಾರಿನ ಅಲಂಕಾರ

ದೊಡ್ಡ ಊರಿನ ಹೆದ್ದಾರಿಯಲ್ಲಿ ಎಂದಾದರೊಮ್ಮೆ ಇಂಥ ಕಾರೊಂದು ನಿಮ್ಮ ಕಣ್ಣಿಗೆ ಬಿದ್ದಿರಬಹುದು. ನೆಲಕ್ಕೆ ತಾಗುವಷ್ಟು ತಗ್ಗಿದ ಮೈ, ಎರಡೇ ಆಸನ, ಬೆನ್ನಿನ ಮೇಲೆ ವಿಮಾನದ ರೆಕ್ಕೆಯಂಥ ಒಂದು ಹಲಗೆ, ಮೂತಿಯಿಂದ ಬಾಲದವರೆಗೆ ಎಳೆದ ಎರಡು ಬಣ್ಣದ ಪಟ್ಟೆ, ಮಡ್‌ಗಾರ್ಡಿನಿಂದ ಹೊರಗೆ ಇಣುಕುವ ಅಗಲವಾದ ಚಕ್ರಗಳು. ಇವುಗಳಲ್ಲಿ ಎಷ್ಟೋ ಭಾಗ ಕಾರ್ಖಾನೆಯಿಂದ ಬಂದದ್ದಲ್ಲ. ಕಾರು ಮನೆಗೆ ಬಂದಮೇಲೆ ಒಡೆಯನು ಮಾಡಿಸಿದ್ದು. ಇಲ್ಲಿ ಒಂದು ಆಶ್ಚರ್ಯವಿದೆ. ಸ್ಪೋರ್ಟ್ಸ್ ಕಾರೆಂದರೆ ನೋಟಕ್ಕಾಗಿಯೇ ಹೆಸರಾದ ವಸ್ತು. ನುರಿತ ಕಲಾವಿದರು ವರ್ಷಗಟ್ಟಲೆ ತಿದ್ದಿ ತೀಡಿ ಅದರ ಒಂದೊಂದು ಗೆರೆಯನ್ನೂ ನಿಶ್ಚಯಿಸಿರುತ್ತಾರೆ. ಅಂಥ ಕಾರಿಗೆ ಕೈತುಂಬ ಹಣ ಕೊಟ್ಟವನು ಮರುದಿನವೇ ಗ್ಯಾರೇಜಿಗೆ ಹೋಗಿ, "ಇದನ್ನು ಬದಲಾಯಿಸಿಕೊಡಿ" ಎನ್ನುತ್ತಾನೆ. ಏಕೆ?

ಈ ಪ್ರಶ್ನೆಗೆ ನಮ್ಮ ಜನರಲ್ಲಿ ಉತ್ತರ ಸಿದ್ಧವಾಗಿಯೇ ಇದೆ: "ದುಡ್ಡಿನ ಮದ." ಈ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಮದವೊಂದೇ ಕಾರಣವಾಗಿದ್ದರೆ ಹಣವಂತರು ಮಾತ್ರ ಈ ಕೆಲಸ ಮಾಡಬೇಕಾಗಿತ್ತು. ಕಾರಿನ ರೂಪ ಬದಲಾಯಿಸುವ ಕಲೆಯನ್ನು ಬೆಳೆಸಿದವರಲ್ಲಿ ಹೆಚ್ಚಿನವರು ಹಣವಂತರಲ್ಲ; ಹಳೆಯ ಕಾರನ್ನು ಅಗ್ಗಕ್ಕೆ ಕೊಂಡು, ಮನೆಯ ಹಿತ್ತಿಲಿನಲ್ಲಿ ತಾವೇ ಕತ್ತರಿಸಿ ಬೆಸೆದ ಹುಡುಗರು. ಆದುದರಿಂದ ಉತ್ತರವನ್ನು ಇನ್ನೂ ಸ್ವಲ್ಪ ಆಳದಲ್ಲಿ ಹುಡುಕಬೇಕಾಗುತ್ತದೆ.

ನಾನು ಕನ್ನಡ ಪಾಠ ಹೇಳುವವನು. ಆದ್ದರಿಂದ ಒಂದು ಶಬ್ದದಿಂದ ಮೊದಲುಮಾಡುತ್ತೇನೆ. 'ಅಲಂಕಾರ' ಎಂಬುದನ್ನು ನಾವು ಮೇಲಿನ ತೋರಿಕೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಆದರೆ ಸಂಸ್ಕೃತದಲ್ಲಿ 'ಅಲಂ' ಎಂದರೆ ಸಾಕು, ಸಮರ್ಥ ಎಂದು ಅರ್ಥ. ಸಾಲದೆ ಇದ್ದುದನ್ನು ಸಾಕಾಗುವಂತೆ ಮಾಡುವುದು ಅಲಂಕಾರ. ಹಾಗಾದರೆ ಕಾರ್ಖಾನೆಯವರು ಪೂರ್ಣವೆಂದು ಕಳುಹಿಸಿದ ವಸ್ತುವಿನಲ್ಲಿ ಕೊಂಡವನಿಗೆ ಸಾಲದೆ ಕಂಡದ್ದು ಯಾವುದು? ನೂರು ವರ್ಷಗಳನ್ನು ಮೀರಿದ ಮೋಟಾರಿನ ಚರಿತ್ರೆಯನ್ನು ಈ ಪ್ರಶ್ನೆಯೊಡನೆ ನೋಡಿದರೆ ವಿಷಯ ತಿಳಿಯಾಗುತ್ತದೆ.

ಮೋಟಾರು ಕಾರಿನ ಮೊದಲ ದಿನಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದೊಡ್ಡ ಕಾರುಗಳನ್ನು ತಯಾರಿಸುತ್ತಿದ್ದ ಕಂಪೆನಿಗಳು ಎಂಜಿನ್, ಚಾಸಿ, ಚಕ್ರಗಳನ್ನು ಮಾತ್ರ ಮಾಡಿ ಮಾರುತ್ತಿದ್ದವು. ಅದರ ಮೇಲೆ ಬಾಡಿ ಕಟ್ಟುವವರು ಬೇರೆ; ಹಿಂದೆ ಕುದುರೆ ಸಾರೋಟು ಕಟ್ಟುತ್ತಿದ್ದ ಮನೆತನಗಳೇ ಅನೇಕ ಕಡೆ ಈ ಕಸುಬಿಗೆ ಇಳಿದಿದ್ದವು. ಇಂಗ್ಲೆಂಡಿನ ಬಾರ್ಕರ್, ಹೂಪರ್, ಇಟಲಿಯ ಜಗಾಟೊ, ಟೂರಿಂಗ್ ಎಂಬ ಹೆಸರುಗಳು ಈ ವಿದ್ಯೆಯಲ್ಲಿ ಪ್ರಸಿದ್ಧವಾದವು. ರೋಲ್ಸ್‌ರಾಯ್ಸ್ ಕಂಪೆನಿ ಎರಡನೆಯ ಮಹಾಯುದ್ಧದವರೆಗೂ ಇದೇ ಪದ್ಧತಿಯನ್ನು ಇಟ್ಟುಕೊಂಡಿತ್ತು. ಯಾವ ಬಣ್ಣ, ಎಷ್ಟು ಬಾಗಿಲು, ಯಾವ ತೊಗಲಿನ ಆಸನ ಎಂಬುದನ್ನೆಲ್ಲ ಕೊಳ್ಳುವವನೇ ಹೇಳಿ ಮಾಡಿಸಬೇಕಾಗಿತ್ತು. ಮದುವೆಗೆ ದರ್ಜಿಯಲ್ಲಿ ಅಳತೆ ಕೊಟ್ಟು ಕೋಟು ಹೊಲಿಸಿದಂತೆ ಈ ವ್ಯವಹಾರ.

ಈ ಸ್ವಾತಂತ್ರ್ಯ ಎಲ್ಲಿಯವರೆಗೆ ಹೋಗಬಹುದಾಗಿತ್ತು ಎಂಬುದಕ್ಕೆ ನಮ್ಮ ದೇಶವೇ ಒಂದು ಉದಾಹರಣೆ ಒದಗಿಸಿದೆ. 1910ರಲ್ಲಿ ಕಲಕತ್ತೆಯಲ್ಲಿದ್ದ ಮ್ಯಾಥ್ಯೂಸನ್ ಎಂಬ ಧನಿಕನು ಇಂಗ್ಲೆಂಡಿನ ಲೋಸ್ಟಾಫ್ಟ್ ಎಂಬ ಊರಿನ ಬ್ರೂಕ್ ಕಂಪೆನಿಯಿಂದ ಹಂಸದ ಆಕಾರದ ಕಾರೊಂದನ್ನು ಮಾಡಿಸಿ ತರಿಸಿದನು. ಬಿಳಿಯ ಮೈ, ಎತ್ತಿದ ಕೊರಳು, ರಾತ್ರಿಯಲ್ಲಿ ಬೆಳಗುವ ಕಣ್ಣುಗಳು. ಕೊಕ್ಕಿನಿಂದ ಬಿಸಿನೀರು ಚಿಮ್ಮುವ ಏರ್ಪಾಡೂ ಇತ್ತು. ಅದನ್ನು ನೋಡಲು ಕಲಕತ್ತೆಯ ಬೀದಿಯಲ್ಲಿ ಜನ ಮುಗಿಬಿದ್ದು ಗದ್ದಲವಾಗಿ, ಪೊಲೀಸರು ಅದನ್ನು ಬೀದಿಗೆ ತರಬೇಡಿರೆಂದು ಹೇಳಬೇಕಾಯಿತು. ಆಮೇಲೆ ಅದು ನಾಭಾ ಸಂಸ್ಥಾನದ ಮಹಾರಾಜರ ಪಾಲಾಯಿತು. ಈಗ ಹಾಲೆಂಡಿನ ಹೇಗ್ ನಗರದ ಲೌಮನ್ ವಸ್ತುಸಂಗ್ರಹಾಲಯದಲ್ಲಿದೆ. ಈ ವಿನೋದದಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದೇ: ಆ ಕಾಲದಲ್ಲಿ ಕಾರಿನ ರೂಪ ಒಡೆಯನದಾಗಿತ್ತು, ಕಾರ್ಖಾನೆಯದಾಗಿರಲಿಲ್ಲ.

ಈ ಸ್ಥಿತಿಯನ್ನು ಬದಲಾಯಿಸಿದ್ದು ಅಮೆರಿಕದ ಹೆನ್ರಿ ಫೋರ್ಡ್. 1908ರಲ್ಲಿ ಆರಂಭವಾದ ಅವನ 'ಟಿ' ಮಾದರಿಯ ಕಾರು 1927ರ ವೇಳೆಗೆ ಒಂದೂವರೆ ಕೋಟಿ ತಯಾರಾಯಿತು. ಕಾರು ಅಗ್ಗವಾಯಿತು, ರೈತನಿಗೂ ಗುಮಾಸ್ತನಿಗೂ ಎಟುಕಿತು. ಇದು ಸಣ್ಣ ಉಪಕಾರವೇನೂ ಅಲ್ಲ. ಆದರೆ ಅದಕ್ಕೆ ತೆತ್ತ ಬೆಲೆಯೊಂದಿತ್ತು. 1914ರಿಂದ 1925ರವರೆಗೆ ಆ ಕಾರುಗಳೆಲ್ಲ ಕಪ್ಪು ಬಣ್ಣದವೇ. ಸಾಲಾಗಿ ನಿಲ್ಲಿಸಿದ ನೂರು ಕಾರುಗಳಲ್ಲಿ ನನ್ನದು ಯಾವುದೆಂದು ಗುರುತಿಸಲು ನಂಬರು ನೋಡಬೇಕು. ವಸ್ತು ಎಲ್ಲರಿಗೂ ದೊರಕಿತು. ಅದರ ಮೇಲಿದ್ದ ಒಡೆಯನ ಕೈಗುರುತು ಅಳಿಸಿಹೋಯಿತು.

ಫೋರ್ಡನ ಎದುರಾಳಿಯಾಗಿದ್ದ ಜನರಲ್ ಮೋಟಾರ್ಸ್ ಈ ಕೊರತೆಯನ್ನು ಚೆನ್ನಾಗಿ ಕಂಡುಕೊಂಡಿತು. ಲಾಸ್ ಏಂಜಲೀಸಿನಲ್ಲಿ ಹಾರ್ಲೆ ಅರ್ಲ್ ಎಂಬ ತರುಣನಿದ್ದನು. ಅವನ ತಂದೆಯದು ಬಾಡಿ ಕಟ್ಟುವ ಕಾರ್ಖಾನೆ. ಹಾಲಿವುಡ್ಡಿನ ಚಿತ್ರನಟರಿಗೆ, ಅವರವರ ಇಷ್ಟದಂತೆ, ಊರಿನಲ್ಲಿ ಇನ್ನೊಂದಿಲ್ಲದಂಥ ಕಾರುಗಳನ್ನು ರೂಪಿಸುವುದು ಅವನ ಕೆಲಸ. ಜನರಲ್ ಮೋಟಾರ್ಸ್ ಅವನನ್ನು ಕರೆಸಿ 1927ರಲ್ಲಿ 'ಕಲೆ ಮತ್ತು ಬಣ್ಣ'ದ ವಿಭಾಗವನ್ನೇ ತೆರೆದು ಅವನ ಕೈಗೆ ಒಪ್ಪಿಸಿತು. ಹೀಗೆ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಕಾರು ಮಾಡಿಕೊಡುತ್ತಿದ್ದವನು ಲಕ್ಷಾಂತರ ಜನಕ್ಕೆ ಒಂದೇ ಅಚ್ಚಿನ ಸೊಬಗನ್ನು ಒದಗಿಸುವವನಾದನು. ಅಮೆರಿಕದ ಪ್ರಸಿದ್ಧ ಸ್ಪೋರ್ಟ್ಸ್ ಕಾರು 'ಕಾರ್ವೆಟ್' 1953ರಲ್ಲಿ ಹೊರಬಂದದ್ದು ಇವನ ಆಸಕ್ತಿಯಿಂದಲೇ. ಆ ವರ್ಷ ತಯಾರಾದವು 300 ಕಾರ್ವೆಟ್‌ಗಳು. ಮುನ್ನೂರೂ ಬಿಳಿಯವು, ಮುನ್ನೂರರ ಒಳಮೈಯೂ ಕೆಂಪು. ಕಾರು ಬಹಳ ಚೆಲುವಾಗಿತ್ತು ನಿಜ. ಆದರೆ ಆ ಚೆಲುವು ಮುನ್ನೂರು ಮಂದಿಗೂ ಒಂದೇ ಆಗಿತ್ತು.

ಕೈಗುರುತು ಹೋದದ್ದು ಒಂದು ಕಾರಣವಾಯಿತು. ಕಾರಿನ ರೂಪ ಬದಲಾಯಿಸುವವರು ಯಾವ ರೂಪವನ್ನು ಆರಿಸಿಕೊಂಡರು ಎಂಬುದಕ್ಕೆ ಎರಡನೆಯ ಕಾರಣ ಬೇಕು. ಅದು ಪಂದ್ಯದ ಬಯಲಿನಲ್ಲಿ ಸಿಕ್ಕುತ್ತದೆ.

ಯೂರೋಪಿನಲ್ಲಿ 1900ರಿಂದ 1905ರವರೆಗೆ ಗಾರ್ಡನ್ ಬೆನೆಟ್ ಪಾರಿತೋಷಕಕ್ಕಾಗಿ ದೇಶದೇಶಗಳ ನಡುವೆ ಮೋಟಾರು ಪಂದ್ಯಗಳು ನಡೆದುವು. ಧೂಳೆಬ್ಬಿಸಿಕೊಂಡು ಬರುವ ಕಾರು ಯಾವ ದೇಶದ್ದೆಂದು ದೂರದಿಂದಲೇ ತಿಳಿಯಬೇಕು; ಅದಕ್ಕಾಗಿ ದೇಶಕ್ಕೊಂದು ಬಣ್ಣ ಗೊತ್ತಾಗುತ್ತ ಬಂದಿತು. ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬಿಳಿ, ಬ್ರಿಟನ್ನಿಗೆ ಹಸಿರು. ಕೆಲವು ವರ್ಷಗಳ ಅನಂತರ ಇಟಲಿಗೆ ಕೆಂಪು. ನಮ್ಮ ಭಾರತಕಥೆಯಲ್ಲಿ ರಥಕ್ಕೆ ಧ್ವಜವಿದ್ದಂತೆ ಇದು. ಹನುಮನ ಧ್ವಜ ಕಂಡರೆ ಅರ್ಜುನ, ಹಾವಿನ ಧ್ವಜ ಕಂಡರೆ ದುರ್ಯೋಧನ, ತಾಳೆಯ ಧ್ವಜ ಕಂಡರೆ ಭೀಷ್ಮ ಎಂದು ಸೈನ್ಯಕ್ಕೆ ತಿಳಿಯುತ್ತಿತ್ತಷ್ಟೆ. ಪಂದ್ಯದ ಕಾರುಗಳಿಗೆ ಜಾಹೀರಾತಿನ ಬಣ್ಣಗಳು ಬಂದುದು 1968ರಿಂದ ಈಚೆಗೆ. ದೇಶದ ಬಣ್ಣಗಳ ಅಗತ್ಯ ಅಂದಿನಿಂದ ಕಡಿಮೆಯಾಗುತ್ತ ಹೋಯಿತು. ಆದರೂ ಫೆರಾರಿ ಎಂದೊಡನೆ ಜನರ ಮನಸ್ಸಿಗೆ ಬರುವ ಬಣ್ಣ ಇಂದಿಗೂ ಕೆಂಪೇ. ಅಮೆರಿಕನರ ಪಂದ್ಯದ ಬಣ್ಣ ಬಿಳಿ ಮತ್ತು ನೀಲಿ. 1965ರಲ್ಲಿ ಕ್ಯಾರಲ್ ಶೆಲ್ಬಿ ಎಂಬ ಪಂದ್ಯಗಾರನು ಫೋರ್ಡ್ ಮಸ್ಟಾಂಗ್ ಕಾರನ್ನು ತಿದ್ದಿ, ಬಿಳಿಯ ಮೈಮೇಲೆ ಎರಡು ನೀಲಿ ಪಟ್ಟೆ ಎಳೆದು ಮಾರಿದ್ದೇ, ಆ ಪಟ್ಟೆ ಲೋಕಪ್ರಿಯವಾಯಿತು. ಗುರುತಿಗೆಂದು ಹುಟ್ಟಿದ್ದು ಗುರುತಿನ ಕೆಲಸ ಮುಗಿದಮೇಲೂ ಪರಾಕ್ರಮದ ಚಿಹ್ನೆಯಾಗಿ ಉಳಿಯಿತು.

ಇದೇ ನಿಯಮವನ್ನು ಕ್ಯಾಲಿಫೋರ್ನಿಯದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ಮ್ಯೂರಾಕ್, ಎಲ್ ಮಿರಾಜ್ ಎಂಬ ಬತ್ತಿದ ಸರೋವರಗಳಿವೆ. ನೆಲ ಮೈದಾನದಂತೆ ಸಮತಟ್ಟು. 1930ರ ದಶಕದಲ್ಲಿ ಬಡಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಅಲ್ಲಿಗೆ ಒಯ್ದು ಓಡಿಸತೊಡಗಿದರು. ಭಾರ ಕಡಿಮೆಯಾದರೆ ವೇಗ ಹೆಚ್ಚುತ್ತದೆ. ಆದ್ದರಿಂದ ಮಡ್‌ಗಾರ್ಡು ಕಿತ್ತರು, ಎಂಜಿನ್ನಿನ ಮುಚ್ಚಳ ತೆಗೆದರು. ಗಾಳಿಗೆ ಎದುರಾಗುವ ಮೈ ಚಿಕ್ಕದಾಗಲೆಂದು ಟಾಪನ್ನು ಕತ್ತರಿಸಿ ತಗ್ಗಿಸಿದರು. 1932ರಲ್ಲಿ ಫೋರ್ಡ್ ಎಂಟು ಸಿಲಿಂಡರಿನ ಎಂಜಿನ್ನನ್ನು ಅಗ್ಗದ ಕಾರಿಗೂ ಹಾಕಿದ್ದು ಇವರಿಗೆ ವರವಾಯಿತು. 1937ರಲ್ಲಿ ಇವರ ಕೂಟಗಳೆಲ್ಲ ಸೇರಿ ಒಂದು ಸಂಘವನ್ನೂ ಕಟ್ಟಿಕೊಂಡವು. ಇಲ್ಲಿಯವರೆಗೆ ಪ್ರತಿಯೊಂದು ಬದಲಾವಣೆಗೂ ಲೆಕ್ಕಾಚಾರದ ಕಾರಣವಿತ್ತು. ಅಂದಕ್ಕೆಂದು ಯಾರೂ ಏನನ್ನೂ ಮಾಡಿರಲಿಲ್ಲ.

ಯುದ್ಧ ಮುಗಿದು ತರುಣ ಸೈನಿಕರು ಊರಿಗೆ ಮರಳಿದರು. ಅವರಲ್ಲಿ ಅನೇಕರು ಬೆಸುಗೆ, ತಗಡಿನ ಕೆಲಸ, ಎಂಜಿನ್ನಿನ ಕೆಲಸಗಳನ್ನು ಸೇನೆಯಲ್ಲಿ ಕಲಿತಿದ್ದರು. 1948ರ ಜನವರಿಯಲ್ಲಿ 'ಹಾಟ್ ರಾಡ್' ಎಂಬ ಪತ್ರಿಕೆ ಹೊರಟಿತು. ಹಾಗೆಂದರೆ ಇಂಥ ತಿದ್ದಿದ ಕಾರುಗಳಿಗೆ ಜನರಿಟ್ಟ ಹೆಸರು. ಸರೋವರಕ್ಕೆ ಎಂದೂ ಹೋಗದವರು ಕೂಡ ಈಗ ತಮ್ಮ ಕಾರಿನ ಟಾಪನ್ನು ತಗ್ಗಿಸತೊಡಗಿದರು. ಸ್ಯಾಮ್ ಮತ್ತು ಜಾರ್ಜ್ ಬ್ಯಾರಿಸ್ ಎಂಬ ಸಹೋದರರ ಗ್ಯಾರೇಜು ಇದರಲ್ಲಿ ಹೆಸರಾಯಿತು. ಅವರು ಭಾರವಾದ ಮರ್ಕ್ಯುರಿ ಕಾರುಗಳನ್ನು ತಗ್ಗಿಸಿ, ಅಂಚುಗಳನ್ನು ನುಣ್ಣಗೆ ಮಾಡಿ, ಬಾಗಿಲ ಹಿಡಿಗಳನ್ನೂ ತೆಗೆದುಹಾಕಿ, ಪದರ ಪದರವಾಗಿ ಬಣ್ಣ ಹಚ್ಚುತ್ತಿದ್ದರು. ಆ ಕಾರುಗಳು ವೇಗವಾಗಿ ಓಡುತ್ತಿರಲಿಲ್ಲ. ಮೆಲ್ಲಗೆ ಓಡಬೇಕೆಂದೇ ಅವನ್ನು ಮಾಡಿದ್ದು. ಬೀದಿಯಲ್ಲಿ ನಿಂತವರು ಕಣ್ತುಂಬ ನೋಡಬೇಕಲ್ಲವೆ? ವೇಗಕ್ಕಾಗಿ ಹುಟ್ಟಿದ ರೂಪ, ವೇಗವನ್ನು ಬಿಟ್ಟು ತಾನೇ ಒಂದು ಕಲೆಯಾದದ್ದು ಹೀಗೆ.

ಈ ಮಾತಿನ ಇನ್ನೊಂದು ಮುಖ ಮೆಕ್ಸಿಕನ್ ಮೂಲದ ಅಮೆರಿಕನ್ ತರುಣರಲ್ಲಿ ಕಾಣುತ್ತದೆ. ಊರಿನಲ್ಲಿ ಎರಡನೆಯ ದರ್ಜೆಯವರಂತೆ ಬದುಕಬೇಕಾಗಿದ್ದ ಅವರು, ವಾರದ ಕೊನೆಯಲ್ಲಿ, ನೆಲಕ್ಕೆ ತಾಗುವಂತೆ ತಗ್ಗಿಸಿ ಬಣ್ಣ ಬಳಿದ ಕಾರುಗಳಲ್ಲಿ ಕುಟುಂಬ ಸಮೇತರಾಗಿ ಮೆರವಣಿಗೆ ಹೋಗುತ್ತಿದ್ದರು. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯ ಸರ್ಕಾರ ಒಂದು ಕಾನೂನು ಮಾಡಿತು: ಕಾರಿನ ಯಾವ ಭಾಗವೂ ಚಕ್ರದ ಲೋಹದ ಅಂಚಿಗಿಂತ ಕೆಳಗೆ ಇಳಿಯಕೂಡದು. ರಾನ್ ಅಗಿರ್ರೆ ಎಂಬ ತರುಣನು ಇದಕ್ಕೊಂದು ಉಪಾಯ ಕಂಡುಹಿಡಿದನು. 1959ರಲ್ಲಿ, ತಂದೆಯ ನೆರವಿನಿಂದ, ತನ್ನ ಕಾರ್ವೆಟ್ ಸ್ಪೋರ್ಟ್ಸ್ ಕಾರಿಗೆ ವಿಮಾನದಲ್ಲಿ ಬಳಸುವಂಥ ಹೈಡ್ರಾಲಿಕ್ ಪಂಪುಗಳನ್ನು ಜೋಡಿಸಿದನು. ಸ್ವಿಚ್ಚು ಒತ್ತಿದರೆ ಕಾರು ಮೇಲೇಳುವುದು, ಇನ್ನೊಮ್ಮೆ ಒತ್ತಿದರೆ ತಗ್ಗುವುದು. ಪೊಲೀಸಿನವನು ಬಂದಾಗ ಕಾನೂನಿನ ಎತ್ತರ. ಅವನು ಹೋದಮೇಲೆ ಒಡೆಯನ ಇಷ್ಟದ ಎತ್ತರ! ಆ ಕಾನೂನು ಆರು ದಶಕಕ್ಕೂ ಹೆಚ್ಚು ಕಾಲ ಉಳಿದು, ಕೊನೆಗೆ 2024ರ ಜನವರಿ 1ರಿಂದ ರದ್ದಾಯಿತು. ಒಂದು ಜನಾಂಗದ ಅಜ್ಜಂದಿರು ದಂಡ ತೆತ್ತ ಕೆಲಸವನ್ನು ಮೊಮ್ಮಕ್ಕಳು ಈಗ ರಾಜಾರೋಷವಾಗಿ ಮಾಡಬಹುದು. ದುಡ್ಡಿನ ಮದವೆಂಬ ಉತ್ತರ ಇಲ್ಲಿ ನಿಲ್ಲುವುದಿಲ್ಲ. "ನಾವೂ ಈ ಊರಿನವರು, ನಮ್ಮನ್ನೂ ನೋಡಿ" ಎಂಬುದೇ ಆ ಕಾರುಗಳು ಹೇಳುತ್ತಿದ್ದ ಮಾತು.

ಇನ್ನು ಕಾರಿನ ಬೆನ್ನ ಮೇಲಿನ ರೆಕ್ಕೆಯ ವಿಷಯ. ಅಲಂಕಾರ ಹೇಗೆ ಹುಟ್ಟಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇರೆ ಇಲ್ಲ. ವಿಮಾನದ ರೆಕ್ಕೆ ಗಾಳಿಯಲ್ಲಿ ವಿಮಾನವನ್ನು ಮೇಲೆತ್ತುತ್ತದೆ. ಅದೇ ರೆಕ್ಕೆಯನ್ನು ತಲೆಕೆಳಗು ಮಾಡಿಟ್ಟರೆ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ. ಟೈರುಗಳು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತವೆ. ತಿರುವಿನಲ್ಲಿ ಕಾರು ಜಾರುವುದಿಲ್ಲ. ಸ್ವಿಟ್ಜರ್ಲೆಂಡಿನ ಮೈಕೆಲ್ ಮೇ ಎಂಬ ತರುಣ ಎಂಜಿನಿಯರ್ 1956ರಲ್ಲಿ ತನ್ನ ಪೋರ್ಶೆ ಕಾರಿನ ಮೇಲೆ ಇಂಥ ರೆಕ್ಕೆಯನ್ನು ಕಟ್ಟಿಕೊಂಡು ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಪಂದ್ಯಕ್ಕೆ ಬಂದನು. ಅಭ್ಯಾಸದ ಓಟದಲ್ಲಿ ಅವನ ಕಾರು ಕಂಪೆನಿಯ ಸ್ವಂತ ಕಾರುಗಳಿಗಿಂತ ವೇಗವಾಗಿ ಓಡಿತು. ಹಿಂದೆ ಬರುವವರಿಗೆ ದಾರಿ ಕಾಣದೆಂಬ ಕಾರಣ ಕೊಟ್ಟು ಅಧಿಕಾರಿಗಳು ರೆಕ್ಕೆಯನ್ನು ಬಿಚ್ಚಿಸಿದರು. ಹತ್ತು ವರ್ಷಗಳಾದಮೇಲೆ, 1966ರಲ್ಲಿ, ಅಮೆರಿಕದ ಟೆಕ್ಸಾಸಿನ ಜಿಮ್ ಹಾಲ್ ತನ್ನ ಚಾಪರಾಲ್ ಕಾರಿಗೆ ಎತ್ತರದ ರೆಕ್ಕೆಯನ್ನು ಹಚ್ಚಿ ಲೋಕದ ಕಣ್ಣು ತೆರೆಸಿದನು. ಎರಡು ವರ್ಷಗಳಲ್ಲಿ ದೊಡ್ಡ ಪಂದ್ಯಗಳ ಕಾರುಗಳಿಗೆಲ್ಲ ರೆಕ್ಕೆ ಮೂಡಿತು. 1969ರಲ್ಲಿ ಸ್ಪೇನಿನ ಬಾರ್ಸಿಲೋನ ಪಂದ್ಯದಲ್ಲಿ ಒಂದೇ ತಂಡದ ಎರಡು ಕಾರುಗಳ ರೆಕ್ಕೆ ಮುರಿದು ಘೋರ ಅಪಘಾತಗಳಾದಾಗ, ಎತ್ತರದ ರೆಕ್ಕೆಗಳನ್ನು ನಿಷೇಧಿಸಿ, ಗಿಡ್ಡ ರೆಕ್ಕೆಗಳಿಗೆ ಮಾತ್ರ ಅನುಮತಿ ಕೊಟ್ಟರು.

ಪಂದ್ಯದಿಂದ ರೆಕ್ಕೆ ಬೀದಿಗೆ ಇಳಿಯಿತು. 1972ರಲ್ಲಿ ಪೋರ್ಶೆ ಕಂಪೆನಿ ತನ್ನ 911 ಕಾರಿನ ಒಂದು ವಿಶೇಷ ಮಾದರಿಗೆ ಬಾತುಕೋಳಿಯ ಬಾಲದಂತೆ ಮೇಲೆದ್ದ ಅಂಚನ್ನು ಇಟ್ಟಿತು. ಹೆಚ್ಚು ವೇಗದಲ್ಲಿ ಹಿಂಭಾಗ ಮೇಲೇಳದಂತೆ ತಡೆಯುವುದೇ ಅದರ ಕೆಲಸ. ಪಂದ್ಯದ ನಿಯಮದಂತೆ 500 ಕಾರುಗಳನ್ನು ಮಾಡಿ ಮಾರಿದರೆ ಸಾಕಾಗಿತ್ತು. ಮಾರಾಟವಾದದ್ದು 1580. ಕೊಂಡವರೆಲ್ಲ ಪಂದ್ಯಗಾರರೆ? ಅಲ್ಲ. ಆ ಬಾಲ ಅವರ ಮನಸ್ಸನ್ನು ಸೆಳೆದಿತ್ತು. ಮಾಮೂಲು ಪೋರ್ಶೆ ಇದ್ದವರೂ ಅಂಥದೇ ಬಾಲವನ್ನು ಮಾಡಿಸಿ ಅಂಟಿಸಿಕೊಂಡರು. ಈ ಕಥೆಯ ತುತ್ತತುದಿ ಇಟಲಿಯ ಲ್ಯಾಂಬೋರ್ಗಿನಿ ಕೌಂಟಾಷ್ ಕಾರು. ಇದಕ್ಕೆ ಹಿಂಬದಿಯ ರೆಕ್ಕೆಯನ್ನು ಬೇಕಾದವರು ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳಬಹುದಾಗಿತ್ತು. ಆ ರೆಕ್ಕೆ ಗಾಳಿಯನ್ನು ತಡೆದು ಕಾರಿನ ಪರಮಾವಧಿ ವೇಗವನ್ನು ತಗ್ಗಿಸುತ್ತಿತ್ತು! ಹೀಗಿದ್ದರೂ ಬಹುಮಂದಿ ರೆಕ್ಕೆಯಿರುವ ಕಾರನ್ನೇ ಬಯಸಿದರು. ವೇಗದ ಚಿಹ್ನೆಗಾಗಿ ವೇಗವನ್ನೇ ಬಿಟ್ಟುಕೊಟ್ಟರು.

ಇದನ್ನು ಕೇಳಿ ನಗುವುದು ಸುಲಭ. ಆದರೆ ಸ್ವಲ್ಪ ಯೋಚಿಸಬೇಕು. ಗಂಟೆಗೆ 250 ಕಿಲೋಮೀಟರು ಓಡಬಲ್ಲ ಕಾರು ಊರಿನ ಬೀದಿಯಲ್ಲಿ 30ರಲ್ಲಿ ತೆವಳುತ್ತದೆ. ಕೆಂಪು ದೀಪ ಬಂದರೆ ಲೂನಾದ ಪಕ್ಕದಲ್ಲಿ ನಿಲ್ಲುತ್ತದೆ. ಅದರ ಸಾಮರ್ಥ್ಯವನ್ನು ಕಣ್ಣಿಗೆ ಕಾಣಿಸುವ ಬಗೆ ಹೇಗೆ? ಲಾರಿಗೆ ಹೊರೆಯಿದೆ, ಬಸ್ಸಿಗೆ ಪ್ರಯಾಣಿಕರಿದ್ದಾರೆ. ಅವುಗಳ ಶಕ್ತಿ ಎಲ್ಲರಿಗೂ ಕಾಣುತ್ತದೆ. ಸ್ಪೋರ್ಟ್ಸ್ ಕಾರಿನ ಶಕ್ತಿ ಮಾತ್ರ ಒಳಗೇ ಅಡಗಿರುತ್ತದೆ. ಓಡಿಸಿ ತೋರಿಸಲಾರದ್ದನ್ನು ಒಡೆಯನು ರೂಪದಲ್ಲಿ ತೋರಿಸುತ್ತಾನೆ. ಬೇರೆ ಕಾರುಗಳಿಗಿಂತ ಸ್ಪೋರ್ಟ್ಸ್ ಕಾರಿನಲ್ಲೇ ಈ ಚಾಳಿ ಹೆಚ್ಚಾಗಿರುವುದಕ್ಕೆ ಇದೊಂದು ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಜಪಾನಿನ ತರುಣರಲ್ಲಿ ಇದೇ ಕಥೆ ಬೇರೊಂದು ರೀತಿಯಲ್ಲಿ ನಡೆಯಿತು. 1971ರಿಂದ ಫೂಜಿ ಪರ್ವತದ ಬಳಿಯ ಪಂದ್ಯದ ಮೈದಾನದಲ್ಲಿ ನಡೆದ 'ಗ್ರ್ಯಾಂಡ್ ಚಾಂಪಿಯನ್' ಪಂದ್ಯಗಳನ್ನು ನೋಡಲು ಹೋದ ಹುಡುಗರು, ಅಲ್ಲಿನ ಕಾರುಗಳ ಅಗಲವಾದ ಮಡ್‌ಗಾರ್ಡುಗಳನ್ನೂ ಉದ್ದವಾದ ಮೂತಿಗಳನ್ನೂ ತಮ್ಮ ಹಳೆಯ ಕಾರುಗಳಿಗೆ ಅಂಟಿಸಿಕೊಂಡರು. ವರ್ಷಗಳು ಕಳೆದಂತೆ ಮೂತಿ ಇನ್ನೂ ಉದ್ದವಾಯಿತು, ರೆಕ್ಕೆ ಇನ್ನೂ ಎತ್ತರವಾಯಿತು. ಮೂಲವನ್ನು ಮೀರಿಸಿದ ಉತ್ಪ್ರೇಕ್ಷೆಯೇ ಒಂದು ಶೈಲಿಯಾಯಿತು. ಆ ದೇಶದವನೇ ಆದ ಅಕಿರಾ ನಕಾಯ್ ಎಂಬವನು ಈಗ ಲೋಕಪ್ರಸಿದ್ಧ. ಯಾವ ದೇಶದವರು ಕರೆದರೂ ಹೋಗಿ, ಅವರ ಪೋರ್ಶೆ ಕಾರಿನ ಮಡ್‌ಗಾರ್ಡುಗಳನ್ನು ತನ್ನ ಕೈಯಿಂದಲೇ ಗರಗಸ ಹಿಡಿದು ಕುಯ್ದು, ಅಗಲವಾದ ಹೊಸ ಭಾಗಗಳನ್ನು ಕೂಡಿಸಿ ಕೊಡುತ್ತಾನೆ. ಅವನ ಕೈಯಿಂದಲೇ ಆಗಬೇಕೆಂದು ಜನ ಕಾದು ನಿಲ್ಲುತ್ತಾರೆ. ಯಂತ್ರಗಳು ಮಾಡಿದ ವಸ್ತುವಿಗೆ ಒಬ್ಬ ಮನುಷ್ಯನ ಕೈ ಬೇಕಾಯಿತು ಎಂಬುದನ್ನು ಇಲ್ಲಿ ಗಮನಿಸಬೇಕು. ಬಾರ್ಕರ್, ಹೂಪರ್ ಮನೆತನಗಳ ಕಾಲದಲ್ಲಿ ಇದ್ದದ್ದೂ ಇದೇ.

ಬಣ್ಣದ ವಿಷಯದಲ್ಲಿ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಗಾಯಕಿ ಜಾನಿಸ್ ಜಾಪ್ಲಿನ್ 1968ರಲ್ಲಿ ಬಳಸಿದ ಪೋರ್ಶೆ 356 ಕಾರೊಂದನ್ನು 3500 ಡಾಲರಿಗೆ ಕೊಂಡಳು. ತನ್ನ ತಂಡದಲ್ಲಿ ಕೆಲಸಕ್ಕಿದ್ದ ಡೇವ್ ರಿಚರ್ಡ್ಸ್ ಎಂಬವನಿಗೆ 500 ಡಾಲರು ಕೊಟ್ಟು, ಚಿಟ್ಟೆ, ಕಣ್ಣು, ಬೆಟ್ಟ, ನಕ್ಷತ್ರಗಳನ್ನೆಲ್ಲ ಅದರ ಮೈತುಂಬ ಬರೆಸಿದಳು. ಶುದ್ಧರೂಪದ ಉಪಾಸಕರಿಗೆ ಇದು ಅಪಚಾರ. ಎರಡೇ ವರ್ಷಗಳಲ್ಲಿ, 1970ರಲ್ಲಿ, ಆಕೆ ತೀರಿಕೊಂಡಳು. 2015ರ ಡಿಸೆಂಬರಿನಲ್ಲಿ ಆ ಕಾರು ನ್ಯೂಯಾರ್ಕಿನ ಹರಾಜಿನಲ್ಲಿ 17 ಲಕ್ಷ 60 ಸಾವಿರ ಡಾಲರಿಗೆ ಮಾರಾಟವಾಯಿತು. ಅದೇ ಕಾಲದ ಅಂಥದೇ ಪೋರ್ಶೆ ಕಾರುಗಳು ಎಷ್ಟೋ ಇವೆ. ಜನ ಆ ಬೆಲೆ ಕೊಟ್ಟದ್ದು ಕಾರಿಗಲ್ಲ. ಅದರ ಮೇಲೆ ಉಳಿದಿದ್ದ ಒಬ್ಬ ಮನುಷ್ಯಳ ಗುರುತಿಗೆ.

ಕಾರ್ಖಾನೆಗಳೂ ಈ ಮರ್ಮವನ್ನು ಅರಿಯದೆ ಇಲ್ಲ. ಪೋರ್ಶೆ ಕಂಪೆನಿ 1978ರಲ್ಲಿಯೇ ಗಿರಾಕಿಯ ವಿಶೇಷ ಇಚ್ಛೆಗಳನ್ನು ನಡೆಸಿಕೊಡುವ ಏರ್ಪಾಡು ಮಾಡಿ, 1986ರಲ್ಲಿ ಅದಕ್ಕೆಂದೇ ಬೇರೆ ವಿಭಾಗ ತೆರೆಯಿತು. ಹೀಗೆ, ಒಂದು ಕಾಲದಲ್ಲಿ ಎಲ್ಲ ಒಡೆಯರಿಗೂ ಸಹಜವಾಗಿದ್ದ ಹಕ್ಕು ಈಗ ಹೆಚ್ಚಿನ ಬೆಲೆಗೆ ಮಾರುವ ಸರಕಾಗಿದೆ. ಆ ಬೆಲೆ ಕೊಡಲಾರದವರು ಗಲ್ಲಿಯ ಗ್ಯಾರೇಜಿಗೆ ಹೋಗುತ್ತಾರೆ.

ಈಗ ನಮ್ಮ ದೇಶಕ್ಕೆ ಬರೋಣ. ಮದರಾಸಿನ ಸಮೀಪದ ಶೋಲಾವರಂನಲ್ಲಿ, ಯುದ್ಧಕಾಲದ ವಿಮಾನಪಟ್ಟಿಯ ಮೇಲೆ, 1950ರ ದಶಕದಿಂದ ಮೋಟಾರು ಪಂದ್ಯಗಳು ನಡೆಯುತ್ತಿದ್ದವು. ವಿದೇಶದ ಪಂದ್ಯದ ಕಾರುಗಳು ಕೆಲವರಲ್ಲಿ ಮಾತ್ರ ಇದ್ದವು. ಉಳಿದವರು ನಮ್ಮ ಫಿಯೆಟ್, ಅಂಬಾಸಡರ್ ಕಾರುಗಳನ್ನೇ ಹಗುರಗೊಳಿಸಿ, ತಗ್ಗಿಸಿ ಓಡಿಸುತ್ತಿದ್ದರು. ಬೆಂಗಳೂರಿನಿಂದಲೂ ಸ್ಪರ್ಧಿಗಳು ಹೋಗುತ್ತಿದ್ದರು. ಇಂದಿಗೂ ನಮ್ಮಲ್ಲಿ ನಿಜವಾದ ಸ್ಪೋರ್ಟ್ಸ್ ಕಾರು ಕೊಳ್ಳಬಲ್ಲವರು ವಿರಳ. ಆದ್ದರಿಂದ ತರುಣರು ಚಿಕ್ಕ ಕಾರನ್ನು ಕೊಂಡು ಅದಕ್ಕೆ ಸ್ಪೋರ್ಟ್ಸ್ ಕಾರಿನ ವೇಷ ಕಟ್ಟುತ್ತಾರೆ. ನಮ್ಮ ಆಟೋರಿಕ್ಷಾದವರನ್ನು ನೋಡಿರಿ: ಒಂದೇ ಅಚ್ಚಿನ ಸಾವಿರಾರು ಗಾಡಿಗಳು, ಒಂದಕ್ಕೆ ರಾಜಕುಮಾರರ ಚಿತ್ರ, ಇನ್ನೊಂದಕ್ಕೆ ಮಗಳ ಹೆಸರು, ಮತ್ತೊಂದಕ್ಕೆ ಕನ್ನಡದ ಬಾವುಟ. ನನ್ನ ವಿದ್ಯಾರ್ಥಿಗಳು ಸರ್ಕಾರದಿಂದ ಬಂದ ಒಂದೇ ಬಣ್ಣದ ಸೈಕಲ್ಲುಗಳಿಗೆ ವಾರ ಕಳೆಯುವುದರೊಳಗೆ ಚಕ್ರಕ್ಕೆ ಮಣಿ, ಹ್ಯಾಂಡಲ್ಲಿಗೆ ಕುಚ್ಚು ಕಟ್ಟಿರುತ್ತಿದ್ದರು. ಕದಿಯದಿರಲೆಂದು ಗುರುತು ಮಾಡಿಕೊಂಡೆವು ಎನ್ನುತ್ತಿದ್ದರು. ಕುಚ್ಚು ಕಳ್ಳನನ್ನು ತಡೆಯದೆಂಬುದು ಅವರಿಗೂ ಗೊತ್ತಿತ್ತು.

ಆದರೆ ಮೋಟಾರು ವಾಹನ ಸೈಕಲ್ಲಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ನಿಗದಿಮಾಡಿದ ವಿವರಗಳು ನೋಂದಣಿ ಪತ್ರದಲ್ಲಿ ಇರುವಾಗ, ಅವುಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯ, ಕೇರಳ ಹೈಕೋರ್ಟಿನ ಒಂದು ತೀರ್ಪನ್ನು ತಳ್ಳಿಹಾಕಿ, ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಕಾರಿನ ಬಣ್ಣ ಬದಲಾಯಿಸಿದರೆ ನೋಂದಣಿ ಪತ್ರದಲ್ಲಿ ಅದನ್ನು ನಮೂದು ಮಾಡಿಸಬೇಕು. ಮನೆಯಲ್ಲಿ ಕಾರಿರುವ ವಾಚಕರು ಈ ಸಂಗತಿಯನ್ನು ಮಕ್ಕಳಿಗೆ ತಿಳಿಸಿಕೊಡುವುದು ಒಳ್ಳೆಯದು.

ಕಾನೂನಿನ ಕಾಠಿಣ್ಯಕ್ಕೆ ಕಾರಣವಿಲ್ಲದೆ ಇಲ್ಲ. ಚಕ್ರ ಹೊರಗೆ ಚಾಚಿದರೆ ಬೇರಿಂಗಿನ ಮೇಲೆ ಹೊರೆ ಬೀಳುತ್ತದೆ. ಸ್ಪ್ರಿಂಗು ಕತ್ತರಿಸಿ ತಗ್ಗಿಸಿದ ಕಾರು ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಕಣ್ಣು ಕೋರೈಸುವ ದೀಪ ಎದುರಿನಿಂದ ಬರುವವನನ್ನು ಕುರುಡನನ್ನಾಗಿ ಮಾಡುತ್ತದೆ. ಬಿಚ್ಚಿದ ಸೈಲೆನ್ಸರು ಆಸ್ಪತ್ರೆಯ ರೋಗಿಯನ್ನೂ ತೊಟ್ಟಿಲ ಮಗುವನ್ನೂ ಎಬ್ಬಿಸುತ್ತದೆ. ಕಾರು ಒಡೆಯನದು, ರಸ್ತೆ ಎಲ್ಲರದು. ಆದರೆ ಪಟ್ಟೆ, ಬಣ್ಣ, ಚಿತ್ರಗಳಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ. ನಮ್ಮ ಅಲಂಕಾರಶಾಸ್ತ್ರದ ಹಿರಿಯರು, ಅವರಲ್ಲಿಯೂ ಕಾಶ್ಮೀರದ ಕ್ಷೇಮೇಂದ್ರನು, ಅಲಂಕಾರಕ್ಕೆ ಔಚಿತ್ಯವೆಂಬ ಒರೆಗಲ್ಲನ್ನು ಇಟ್ಟರು. ಅಲಂಕಾರ ಬೇಡವೆಂದು ಅವರು ಹೇಳಲಿಲ್ಲ. ಎಲ್ಲಿ, ಎಷ್ಟು ಎಂಬುದನ್ನು ಅರಿತು ಮಾಡಬೇಕೆಂದರು. ಬಾರ್ಸಿಲೋನದ ಅಪಘಾತಗಳಾದಮೇಲೆ ಪಂದ್ಯದ ಅಧಿಕಾರಿಗಳು ರೆಕ್ಕೆಯನ್ನೇ ಕಿತ್ತುಹಾಕದೆ ಅದಕ್ಕೆ ಅಳತೆ ಗೊತ್ತುಮಾಡಿದ್ದು ಈ ವಿವೇಕವೇ. ಕ್ಯಾಲಿಫೋರ್ನಿಯ ಇದನ್ನು ಕಲಿಯಲು ಅರುವತ್ತು ವರ್ಷ ತೆಗೆದುಕೊಂಡಿತು.

ಹೀಗಾಗಿ, ಆರಂಭದ ಪ್ರಶ್ನೆಗೆ ಉತ್ತರವನ್ನು ಒಟ್ಟುಗೂಡಿಸಿ ಹೇಳುವುದಾದರೆ: ಅಗತ್ಯಕ್ಕಾಗಿ ಹುಟ್ಟಿದ ರೂಪಗಳು ಚಿಹ್ನೆಗಳಾಗಿ ಉಳಿದವು, ಆ ಚಿಹ್ನೆಗಳಿಂದ ಒಂದು ಬಳಗ ಪರಸ್ಪರ ಗುರುತಿಸಿಕೊಂಡಿತು, ಎಲ್ಲಕ್ಕಿಂತ ಮಿಗಿಲಾಗಿ, ಅಚ್ಚಿನಲ್ಲಿ ಹೊಯ್ದು ಬಂದ ವಸ್ತುವಿನಲ್ಲಿ ಮನುಷ್ಯನು ತನ್ನ ಕೈಯ ಗುರುತನ್ನು ಹುಡುಕಿದನು. ಕಾರ್ಖಾನೆಯ ಕಾರಿನಲ್ಲಿ ಅವನಿಗೆ ಸಾಲದೆ ಕಂಡದ್ದು ತಾನೇ. ನಿಮ್ಮ ಮನೆಯ ಹುಡುಗನು ನಾಳೆ ಕಾರಿಗೋ ಬೈಕಿಗೋ ಪಟ್ಟೆ ಎಳೆಸಿಕೊಂಡು ಬಂದರೆ, ಬೈಯುವುದಕ್ಕೆ ಮುಂಚೆ ಅದೇನು, ಯಾರು ಮಾಡಿದರು, ಏಕೆ ಎಂದು ಒಂದು ಮಾತು ಕೇಳಿ. ಬ್ರೇಕು, ದೀಪ, ಸೈಲೆನ್ಸರುಗಳ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಉಳಿದುದರಲ್ಲಿ ಅವನ ಅಭಿರುಚಿ ತಾನಾಗಿ ತಿದ್ದಿಕೊಳ್ಳಲು ಸ್ವಲ್ಪ ಎಡೆ ಕೊಡಿ.